ಶ್ರೀಶೈಲದ ದಾರಿಯ ಚಳಿ

ನಗು, ನಗು! ನಗೂದು ಮುಗಿಸಿ ಆ ಕೌದಿ ಇತ್ತ ಕೊಡು, ಶ್ವೇತಾ. ಅಲ್ಲ... ಅದಲ್ಲವಾ, ದಪ್ಪಂದು. ಹಾಂ, ಅದ.

ಏನಂದಿ? ಬಿಸಲಿಗೆ ಬ್ಯಾಡಗಿ ಊರಿಗೆ ಊರ ಗರಗರ ಒಣಗಾಕತ್ತೈತಿ, ಅತ್ತಿ ಕೌದಿ ಕಟ್ಟಾಕತ್ತಾಳ? ನೀ ಹಾವೇರ್ಯಾಗ ಫ್ಯಾನ್ ಕೆಳಗ ಬೆಳದಾಕಿ, ನಿನಗೇನ ಗೊತ್ತು! ಶ್ರೀಶೈಲಕ್ಕ ನಡಕೋತ ಹೋಗೂದಂದ್ರ ಏನಂತ ತಿಳದಿ? ಹಗಲೆಲ್ಲಾ ಡಾಂಬರು ಕಾಲಿಗೆ ಹತ್ತತೈತಿ, ಖರೇ. ಆದ್ರ ಆ ಕಾಡು ಹೊಕ್ಕ ಮ್ಯಾಲೆ... ಯವ್ವಾ! ಹೊತ್ತು ಮುಳುಗಿದ್ದ ತಡ, ಮೈ ಕೆಳಗಿನ ಕಲ್ಲು ಸೈತ ಐಸ್ ಆಗತಾವು. ಮಲಗೂದೆಲ್ಲಿ? ಬಯಲಾಗ. ಮಂಜು ಬಿದ್ದು, ಬೆಳಿಗ್ಗೆ ಸೆರಗು ಹಿಂಡಿದ್ರ ನೀರು! ಬೆವತ ಮೈಗೆ ಆ ಚಳಿ ಹೊಕ್ಕತಂದ್ರ ಮರುದಿನ ಹೆಜ್ಜಿ ಕೀಳಾಕ ಆಗೂದಿಲ್ಲ. ಅದಕ್ಕ ಒಂದು ಹಾಸಾಕ, ಒಂದು ಹೊಚಗೊಳ್ಳಾಕ, ಮತ್ತ ಇನ್ನೊಂದು... ಇರ್ಲಿ ಬಿಡು, ಇನ್ನೊಂದು ಇರ್ಲಿ.

ಯಾಕ ಎಣಸಾಕತ್ತಿ? ಹೊರಾಕಿ ನಾನು!

ಹೋದ ವರ್ಷ ಏನಾತು ಗೊತ್ತೇನು? ನಮ್ಮ ಗುಂಪಿನ್ಯಾಗ ತಿರಕಪ್ಪ ಅಂತ ಒಬ್ಬಾಂವ. ಕರ್ಜಗ್ಯಾಂವ, ಸೈಕಲ್ ಅಂಗಡಿ ಐತಿ. ಹೆಂಡ್ತಿ ತೀರಿ ಭಾಳ ವರ್ಷಾತು ಪಾಪ. ಹೆಗಲ ಮ್ಯಾಲೆ ಬರೇ ಒಂದು ಟವಲ್ ಹಾಕ್ಕೊಂಡು ಬಂದಿದ್ದ, ಪುಣ್ಯಾತ್ಮ! "ಮಲ್ಲಯ್ಯನ ಹೊಚ್ಚಸ್ತಾನ" ಅಂತಿದ್ದ. ಕಾಡು ಹೊಕ್ಕ ರಾತ್ರಿನ ಶುರುವಾತು ನೋಡು, ಹಲ್ಲು ಕಟಕಟ, ಕಟಕಟ... ಯಾವ್ದೋ ಪ್ರಾಣಿ ಬಂತಂತ ನಾವೆಲ್ಲಾ ಎದ್ದು ಕುಂತ್ವಿ! ನಾ ಸಿಟ್ಟಿಗೆದ್ದು ನನ್ನ ಕೌದಿ ಅವನ ಮಾರಿ ಮ್ಯಾಲೆ ಒಗದು ಬೆಂಕಿ ಮುಂದ ಕುಂತೆ. ಅಂವಾ ಸುಮ್ಮನ ಮಲಗಬೇಕಿಲ್ಲೋ? ಕೌದಿ ಸುತಗೊಂಡು ಕರಡಿ ಹಂಗ ಬಂದು ಬೆಂಕಿಯ ಆ ಕಡೆ ಕುಂತ. "ನಿಮಗ ಚಳಿ ಆಗೂದಿಲ್ಲೇನ್ರಿ?" ಅಂದ. ಬೆಳಕು ಹರಿಯೂತನಕ ಮಾತಾಡಿದ್ವಿ.

ಏನ ಮಾತು? ಎಂಥಾದ್ದು... ಪಂಕ್ಚರಿಂದು! ಅವಂಗ ಬ್ಯಾರೆ ಏನ ಬರತೈತಿ?

ನಗತಾಳ ನೋಡು ಮತ್ತ!

ಏ ಏ ಏ, ಅದನ್ನ ಬಿಚ್ಚಬ್ಯಾಡ! ...ಸ್ವೆಟರ್ ಅದು. ಚಳಿಗಾಲದಾಗ ರಾಣೆಬೆನ್ನೂರಾಗ ಟಿಬೇಟದವರು ರಸ್ತೆ ಬಾಜೂಕ ಹಚ್ಚಿದ್ರಲ್ಲ, ಅವರ ಕಡೆ ತಂದೆ. ನನಗ! ಮತ್ಯಾರಿಗೆ? ದೊಡ್ಡದಾತು? ಒಗದ್ರ ಕುಗ್ಗತೈತಿ. ಗಂಡಸರದು? ಚಳಿಗೇನು ಗಂಡಸು ಹೆಂಗಸು ಅಂತ ಇರತೈತೇನವಾ!

ಆ ಫೋನ್ ಯಾಕ ಬಡಕೊಳ್ಳಾಕತ್ತೈತಿ... ನಿಂತತು. ಮಿಸ್ ಕಾಲ್. ಬಿಡು, ನೋಡಬ್ಯಾಡ. ಏ, ನೋಡಬ್ಯಾಡಂದ್ರ... ಏನಂತ ಬಂದೈತಿ? "ಕರ್ಜಗಿ ಸೈಕಲ್ ಅಂಗಡಿ"? ಹೌದು, ನಿನ್ನ ಕಡೆಯಿಂದನ ಸೇವ್ ಮಾಡಿಸಿದ್ದೆ. ಬೇಕಾಗತೈತಲ್ಲ, ಸೈಕಲ್ಲಿಗೆ ಗಾಳಿಗೀಳಿ...

ನಮ್ಮ ಮನ್ಯಾಗ ಸೈಕಲ್ ಇಲ್ಲ. ಗೊತ್ತೈತಿ.

ಶ್ವೇತಾ? ಆ ಸ್ವೆಟರ್ ಯಾಕ ಎತ್ತಿ ಹಿಡದಿ? ಇಷ್ಟೊತ್ತು ಕಿಲಕಿಲ ನಗತಿದ್ದಿ... ಹಂಗ ನೋಡಬ್ಯಾಡ ನನ್ನ. ಬೈ, ಬೇಕಾದ್ರ.

...ಹೌದು. ಅವಂಗ. ಸ್ವೆಟರೂ ಅವಂಗ, ಕೌದೀನೂ ಅವಂಗ. ಕೇಳ್ಯಾನ ಅಂವಾ. ಉಗಾದಿ ಮುಗಿಸಿ ಬಂದ ಮ್ಯಾಲೆ ಹಾವೇರ್ಯಾಗ ರಿಜಿಸ್ಟರ್ ಮಾಡಸೂಣು ಅಂತ. ನಾ ಇನ್ನಾ ಹೂಂ ಅಂದಿಲ್ಲ. ಉಹೂಂ ಅಂತಾನೂ ಅಂದಿಲ್ಲ... ನಿನ್ನ ಗಂಡ ಶಶಿಕಾಂತ ಇನ್ನಾ ಚಡ್ಡಿ ಹಾಕ್ಕೋತಿದ್ದ, ನಿಮ್ಮ ಮಾವ ಹೋದಾಗ. ಆವತ್ತಿಂದ ರೊಟ್ಟಿ ಬಡದು ಮಾರಿ ಅವನ್ನ ಬೆಳಸಿದೆ. ಒಲಿ ಮುಂದ ಇರಾಕಿ ನೋಡು, ಚಳಿ ಆಗತೈತೇನಂತ ನನ್ನ ಯಾರೂ ಕೇಳಿದ್ದಿಲ್ಲ. ಅಂವಾ ಕೇಳಿದ. ಅಷ್ಟ. ಹುಚ್ಚಂದ್ರ ಹುಚ್ಚ... ನೀ ಬ್ಯಾಡಂದ್ರ ಹೇಳು. ಈಗ ಗಂಟು ಬಿಚ್ಚತೇನಿ, ಶ್ರೀಶೈಲಾನೂ ಬ್ಯಾಡ, ಏನೂ ಬ್ಯಾಡ.

ಎಲ್ಲಿ ಹೊಂಟಿ? ಶ್ವೇತಾ! ಶಶಿಕಾಂತ ಪಡಸಾಲ್ಯಾಗ ಅದಾನ, ಈಗ ಹೇಳಬ್ಯಾಡವಾ, ನಿನ್ನ ಕಾಲಿಗೆ...

...ಚಿಲಕ ಹಾಕಿದಿ?

ಏನು? ಅಳಕೋತ ಮಾತಾಡಿದ್ರ ನನಗ ತಿಳಿಯೂದಿಲ್ಲ. ಶಶಿಗೆ ನೀ ಹೇಳತೀ? ನಾ ಹೋದ ಮ್ಯಾಲೆ, ಸಮಾಧಾನದಾಗ? ಅಂವಾ ಹಾರ್‍ಯಾಡತಾನವಾ... ಹಾರ್‍ಯಾಡ್ಲಿ ಅಂತೀ? ನಾ ತಿರುಗಿ ಬರೂದ್ರಾಗ ಇಳೀತಾನ? ...ಯವ್ವಾ ನನ್ನ ತಾಯಿ!

ಮತ್ತೇನು? ಕಾಲಚೀಲಾ? ಹೌದಲ್ಲ, ಅವನ ಕಾಲಚೀಲ ಮರತ ಬಿಟ್ಟೇನಿ! ನೀ ಪ್ಯಾಟಿಗೆ ಹೋಗಿ ತರತೀ? ಲಗೂ ಹೋಗು ಹಂಗಾರ. ಉಣ್ಣಿದು ತಾ, ದಪ್ಪಂದು. ಎಂಟು ನಂಬರ್ ಬರತಾವ ಅವಂಗ.

ಏ! ನನಗ ಹೆಂಗ ಗೊತ್ತಂತ ಮಾತ್ರ ಕೇಳಬ್ಯಾಡ!