ಕೊನೆಯವರು ಯಾರು?

ತೊಲೇದೊ ಊರಿನ ನಮ್ಮ ಮಿಠಾಯಿ ಅಂಗಡಿಯಲ್ಲಿ ಯಾರೂ ಸಾಲಾಗಿ ನಿಲ್ಲುವುದಿಲ್ಲ. ಬಂದವರು ಕೊನೆಯವರು ಯಾರೆಂದು ಕೇಳಿಕೊಂಡು, ಅವರಾದ ಮೇಲೆ ತಮ್ಮ ಸರದಿ ಎಂದು ಕಾಯುತ್ತಾರೆ.

ಬೆನ್ನಿಗೆ ಚೀಲ ಹಾಕಿಕೊಂಡ ಹಿರಿಯರೊಬ್ಬರು ಒಳಗೆ ಬಂದರು.

"ಕೊನೆಯವ್ರು ಯಾರಮ್ಮ?"

"ನಾನೇ," ಎಂದಳು ಎದುರುಮನೆಯ ಕಸಿಲ್ದಾ. "ನಿನ್ನೆನೂ ನನ್ನನ್ನೇ ಕೇಳಿದ್ರಲ್ಲ! ತಗೊಂಡಿದ್ದೆಲ್ಲ ಆಗ್ಲೇ ಖಾಲಿನಾ?"

"ತಗೊಳ್ಳೇ ಇಲ್ಲ. ಸರದಿ ಬರೋಕ್ಮುಂಚೆ ಹೋಗ್ಬಿಟ್ಟೆ."

"ಅದ್ಯಾಕ್ರೀ?"

"ರಜಾ ಅಂತ ಒಬ್ನೇ ಬಂದೆ. ಈ ಊರಲ್ಲಿ ನಂಗೆ ಉತ್ತರ ಸಿಗೋದು ಇದೊಂದು ಪ್ರಶ್ನೆಗೇ."

"ದೊಡ್ಡ ಚರ್ಚು ನೋಡಿದ್ರಾ?"

"ನೋಡ್ದೆ. ಎಷ್ಟು ಚೆನ್ನಾಗಿದೆ ಅಂತ ಯಾರಿಗೆ ಹೇಳ್ಲಿ?"

ಕಸಿಲ್ದಾ ನಕ್ಕು, ಪೊಟ್ಟಣ ತೆಗೆದುಕೊಂಡು ಹೊರಟಳು. "ಈಗ ನೀವೇ ಕೊನೆಯವ್ರು."

ಅಂಗಡಿಯಲ್ಲಿ ಅವರೊಬ್ಬರೇ ಉಳಿದರು. "ಏನು ಕೊಡ್ಲಿ?" ಎಂದೆ.

ಅವರು ಬಾಗಿಲ ಕಡೆ ನೋಡಿದರು.

"ಸ್ವಲ್ಪ ತಾಳಪ್ಪ. ಯಾರಾದ್ರೂ ಬಂದು ನನ್ನನ್ನೊಂದ್ಸಲ ಕೇಳ್ಲಿ."