ಬಿಳಿ ಸಿಮೆಂಟು

ಬಾಂದ್ರಾದ ಹಲ್ಲಿನ ದವಾಖಾನೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ವತ್ಸಲಾಬಾಯಿಗೆ ಪಕ್ಕದ ಬೆಂಚಿನಿಂದ ಊರ ಕಡೆಯ ಕನ್ನಡ ಕೇಳಿಸಿತು. ಕೈಯಲ್ಲಿದ್ದ ಪತ್ರಿಕೆಯ ಪುಟ ಅಲ್ಲಿಗೇ ನಿಂತಿತು. ಬಾಯಿಗೆ ಸೆರಗು ಹಿಡಿದಿದ್ದವಳು ಸುಂದ್ರವ್ವ, ಜೊತೆಗೆ ಬಂದವಳು ಅದೇ ಚಾಳಿನ ದೌಲತಬಿ ಎಂದು ಅವರ ಮಾತಿನಿಂದಲೇ ತಿಳಿಯಿತು.

“ತಂಬಾಕಿನ ಮಶೇರಿ ತಿಕ್ಕಬ್ಯಾಡ ಅಂತ ಎಷ್ಟ ಹೇಳಿದ್ದೆ, ಸುಂದ್ರಾ. ಮುಂದಿನ ಹಲ್ಲು ವಸಡಿನ ಬುಡಕ್ಕೇ ಸವದು ತೂತು ಬಿದ್ದದ.”

“ಮುಂಜಾನೆ ಇಟ್ಟಂಗಿ ಹೊರೂ ಮುಂದ ಹೊಟ್ಟಿ ಚುರುಗುಟ್ಟತದ, ದೌಲತಕ್ಕಾ. ಅದಿಲ್ದ ಹೆಂಗ?”

“ಆತು, ಬೆಳ್ಳಿ ತುಂಬಿಸು. ಹತ್ತು ವರ್ಸ ಅಲುಗಂಗಿಲ್ಲ ಅಂತ ಡಾಕ್ಟರೇ ಹೇಳ್ಯಾರ.”

“ಕರ್ರಗ ಕಾಣ್ತದ. ನಂಗ ಬಿಳಿ ಸಿಮೆಂಟೇ ಬೇಕು.”

“ಅರೇ, ನಾನೂ ಬಿಳೀದೇ ಹಾಕಿಸಿದ್ದೆ. ವಸಡಿನ ಹಂತ್ಯಾಕ ಎಂಜಲದಾಗ ನೆನದು ನೆನದು ವರ್ಸದಾಗ ಕರಗಿ ಹೋತು. ನೀ ಏನು ಸಿನಿಮಾದಾಗ ಕುಣಿಲಾಕ ಹೊಂಟೀಯೇನು?”

ಸುಂದ್ರವ್ವ ನಗಲಿಲ್ಲ.

“ನಮ್ಮನಿಯವ್ರಿಗೆ ಕಾಣಬೇಕು.”

“ಚಂದ್ರಾಮಗ? ಅವ ಗೋರೆಗಾಂವ್‌ದಾಗ ಇನ್ನೊಬ್ಬಾಕಿ ಜೋಡಿ ಮನಿ ಹೂಡ್ಯಾನ. ಇನ್ನೂ ಬರ್ತಾನಂತ ಕುಂತೀಯೇನು?”

“ನಿನ್ನ ಬಾಯಿ ನೋಡಿದ್ರ ಹೇಸಿಗಿ ಬರ್ತದ ಅಂತ ಹೇಳೇ ಹೋದ್ರು.”

“ಹಲ್ಲಿನ ಸಲುವಾಗಿ ಯಾರಾರ ಹೆಂಡ್ತಿ ಬಿಡ್ತಾರೇನ, ಹುಚ್ಚಿ!”

“ವರ್ಸ ಸಾಕು ನನಗ. ಅಷ್ಟರಾಗ ಬರದಿದ್ರ, ಆಮ್ಯಾಲ ಬೆಳ್ಳೀನೇ ತುಂಬಿಸ್ತೀನಿ.”

ಒಳಗಿನಿಂದ ಕಂಪೌಂಡರ್ ಹೆಸರು ಕೂಗಿದ. ಸುಂದ್ರವ್ವ ಎದ್ದಳು. ದೌಲತಬಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಒಳಗೆ ನಡೆದಳು.