ಹೇಮಶ್ರೀಯ ಕಣಕಾಲು

೧೯೯೫ರ ಒಂದು ಮಧ್ಯಾಹ್ನ. ನಾಗಮಂಗಲದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಮಾಯಮ್ಮ ಎಂಬಾಕೆ ಕೂತಿದ್ದರು. ಜೊತೆಗೆ, ಕಣಕಾಲಿಗೆ ಪಟ್ಟಿ ಸುತ್ತಿಸಿಕೊಂಡ ಮಗಳು ಹೇಮಶ್ರೀ. ಅವಳಿಗೆ ಓಟ ಕಲಿಸುವ ಮೇಷ್ಟ್ರು ಸೈಕಲ್ ನಿಲ್ಲಿಸಿ ಹತ್ತಿರ ಬಂದರು.

“ಏನಂದ್ರು ಡಾಕ್ಟ್ರು?”

“ಮೂಳೆ ಬಿರುಕು ಬುಟ್ಟದಂತೆ. ಆರು ವಾರ ಓಡಂಗಿಲ್ಲ. ಸಮಾಧಾನ ಆಯ್ತಾ ಮೇಷ್ಟ್ರೆ?”

“ನಾನೇನ್ ಮಾಡ್ದೆ ಮಾಯಮ್ಮ? ಎಲ್ರನ್ನೂ ಓಡ್ಸಿದಂಗೆ ಇವಳನ್ನೂ ಓಡಿಸ್ದೆ. ದಿನಾ ಹತ್ತು ಕಿಲೋಮೀಟ್ರು.”

“ಅದೇ ತಪ್ಪು! ಕಾಲು ನೋಯ್ತದೆ ಅಂತ ಹದಿನೈದು ದಿನದಿಂದ ಹೇಳ್ತಾನೇ ಅವ್ಳೆ. ಸೋಮಾರಿ ಅಂದ್ರಂತೆ ನೀವು.”

“ಮೂವತ್ತು ಜನ ಅವ್ರೆ. ಒಬ್ಬೊಬ್ಬರ ಕಾಲೂ ನೋಡ್ತಾ ಕೂರಕ್ಕಾಯ್ತದಾ?”

“ಬಿಂಡಿಗನವಿಲೇಲಿ ನಾನು ಅರವತ್ತು ಕುರಿ ಮೇಯಿಸ್ತೀನಿ. ಯಾವ್ದು ಕುಂಟ್ತಾದೆ ಅಂತ ನಂಗೆ ಗೊತ್ತಾಯ್ತದೆ. ಅದನ್ನ ಎತ್ಕಂಡು ಬತ್ತೀನಿ, ಒದ್ದು ಓಡ್ಸಲ್ಲ.”

ಮೇಷ್ಟ್ರ ಮುಖ ಕೆಂಪಾಯಿತು. “ಜಿಲ್ಲೆಗೆ ಗೆಲ್ಲೋರ್ನ ತಯಾರು ಮಾಡ್ಬೇಕು ನಾನು. ಇವಳು ಯಾವಾಗ್ಲೂ ಕಡೇಲಿ ಬರೋಳು.”

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಹುಡುಗಿ ಎದ್ದು ನಿಂತಳು.

“ಕಡೇಲಿ ಬಂದ್ರೂ ಒಂದಿನಾನೂ ಅರ್ಧಕ್ಕೆ ನಿಲ್ಸಿಲ್ಲ ಸಾ. ನಂಗೂ ಓಡ್ಬೇಕು. ನನ್ ಕಾಲಿಗೆ ಆಗೋವಂಗೆ ಕಲಿಸ್ತೀರೋ ಇಲ್ವೋ, ಅದೊಂದು ಹೇಳಿ.”

ಮೇಷ್ಟ್ರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಆಮೇಲೆ ಕೇಳಿದರು:

“ಎಲ್ಲಿ ನೋಯ್ತದೆ, ತೋರ್ಸು.”

“ಈಗ ಕೇಳ್ತಾವ್ರೆ!” ಮಾಯಮ್ಮ ಮಗಳ ತೋಳು ಹಿಡಿದು ಬಸ್ಸಿನತ್ತ ನಡೆಸಿದರು. ಅವಳನ್ನು ಹತ್ತಿಸಿ, ಮೆಟ್ಟಿಲ ಮೇಲಿಂದ ತಿರುಗಿ ಕೂಗಿದರು:

“ಆರು ವಾರ ಆದ್ಮೇಲೆ ಕಳಿಸ್ತೀನಿ. ನಾನೂ ಬಂದು ಮೈದಾನದಲ್ಲಿ ನಿಂತ್ಕತೀನಿ!”